ಮಸುಕಿನಲ್ಲಿ ಅಡಗಿದ ಆಳ

ಹೋದ ತಿಂಗಳು ಒಂದು ಪದವಿ ಕಾಲೇಜಿನಲ್ಲಿ ಮಾತಾಡಿದ್ದನ್ನು ಇಲ್ಲಿ ಬರೆದಿದ್ದೇನೆ. ಬೋರ್ಡಿನ ಮೇಲೆ ಗೀಚಿದ ಚಿತ್ರಗಳನ್ನೆಲ್ಲ ಮಾತಿಗೆ ಇಳಿಸಿದ್ದೇನೆ. ನಡುವೆ ಮೈಕ್ ಕೈಕೊಟ್ಟ ಹತ್ತು ನಿಮಿಷ ಬಿಟ್ಟಿದ್ದೇನೆ. ಉಳಿದದ್ದು ಹೆಚ್ಚುಕಮ್ಮಿ ಅವತ್ತು ಹೇಳಿದ ಹಾಗೆಯೇ ಇದೆ.

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪ್ರಶ್ನೆ. ಕನ್ನಡಕ ಹಾಕಿಕೊಂಡವರು ಕೈ ಎತ್ತಿ ನೋಡೋಣ. ಅರ್ಧಕ್ಕರ್ಧ ಇದ್ದೀರಿ. ಸರಿ, ಅದರಲ್ಲಿ ಸಿಲಿಂಡರ್ ಪವರ್ ಇರುವವರು ಎಷ್ಟು ಜನ? ಗೊತ್ತಿಲ್ಲವಾ? ಕಣ್ಣಿನ ಡಾಕ್ಟರ್ ಕೊಟ್ಟ ಚೀಟಿಯಲ್ಲಿ ಎಸ್‌ಪಿಎಚ್, ಸಿವೈಎಲ್, ಆಕ್ಸಿಸ್ ಅಂತ ಮೂರು ಕಾಲಂ ಇರುತ್ತವೆ. ಎರಡನೆಯ ಕಾಲಂನಲ್ಲಿ ಏನಾದರೂ ಅಂಕಿ ಇದ್ದರೆ ನೀವು ನನ್ನ ಗುಂಪಿನವರು. ನನ್ನದು ಒಂದೂವರೆ. ಈ ಸಿಲಿಂಡರನ್ನು ಸ್ವಲ್ಪ ಹೊತ್ತು ಜೇಬಲ್ಲಿ ಇಟ್ಟುಕೊಂಡಿರಿ. ಆಮೇಲೆ ಬೇಕಾಗುತ್ತದೆ.

ಈ ಮೇಜಿನ ಮೇಲೆ ನಿಮ್ಮ ಕಾಲೇಜಿನದೇ ಮೈಕ್ರೋಸ್ಕೋಪ್ ಇದೆ. ಸ್ಲೈಡಿನ ಮೇಲೆ ಹಾಲು. ಕ್ಯಾಂಟೀನಿನಲ್ಲಿ ಕೇಳಿ ತಂದದ್ದು. ಒಂದು ಲೋಟ ನೀರಿಗೆ ಒಂದು ಹನಿ ಹಾಲು ಹಾಕಿ, ಅದರಲ್ಲಿ ಒಂದು ಹನಿ ತೆಗೆದು ಕವರ್ ಸ್ಲಿಪ್ ಮುಚ್ಚಿದ್ದೇನೆ. ಭಾಷಣ ಮುಗಿದ ಮೇಲೆ ಒಬ್ಬೊಬ್ಬರೇ ಬಂದು ನೋಡಿ. ಜಿಡ್ಡಿನ ಪುಟ್ಟ ಗುಂಡುಗಳು ಕಾಣುತ್ತವೆ. ಹೋಮೊಜಿನೈಸ್ ಮಾಡಿದ ಪ್ಯಾಕೆಟ್ ಹಾಲಾದರೆ ಗುಂಡುಗಳು ಬಹುಪಾಲು ಒಂದು ಮೈಕ್ರಾನ್, ಅದಕ್ಕೂ ಚಿಕ್ಕವು. ಕರೆದ ಹಾಗೆಯೇ ತಂದ ಹಸುವಿನ ಹಾಲಾದರೆ ಮೂರ್ನಾಲ್ಕು ಮೈಕ್ರಾನಿನವು ಬೇಕಾದಷ್ಟು. ಮೈಕ್ರಾನ್ ಅಂದರೆ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲು.

ಈ ಗುಂಡುಗಳು ಸುಮ್ನೆ ಕೂರುವುದಿಲ್ಲ. ನಡುಗುತ್ತಲೇ ಇರುತ್ತವೆ. ಅದರಲ್ಲಿ ಒಂದನ್ನೇ ಹಿಡಿದು ದಿಟ್ಟಿಸಿ ನೋಡಿ. ಅದು ಸ್ವಲ್ಪ ಎಡಕ್ಕೆ ಹೋಗುತ್ತದೆ, ಸ್ವಲ್ಪ ಬಲಕ್ಕೆ ಬರುತ್ತದೆ. ಆಮೇಲೆ ಅಂಚು ಮಸುಕಾಗುತ್ತದೆ. ಸುತ್ತ ಬಳೆ ಇಟ್ಟ ಹಾಗೆ ಒಂದು ಉಂಗುರ ಬರುತ್ತದೆ. ಆಮೇಲೆ ಮಾಯ. ಎಲ್ಲಿಗೆ ಹೋಯಿತು? ಎಲ್ಲೂ ಹೋಗಿಲ್ಲ. ಮೇಲಕ್ಕೋ ಕೆಳಕ್ಕೋ ಸರಿದಿದೆ, ಅಷ್ಟೇ. ಇವತ್ತು ನಾನು ಹೇಳಬೇಕೆಂದಿರುವುದು ಆ ಮಸುಕಿನ ಕತೆ.

ಈ ನಡುಕವನ್ನು ಶ್ರದ್ಧೆಯಿಂದ ನೋಡಿದವನು ರಾಬರ್ಟ್ ಬ್ರೌನ್, 1827ರಲ್ಲಿ. ಪರಾಗದ ಒಳಗಿನ ಪುಟ್ಟ ಕಣಗಳು ನೀರಲ್ಲಿ ಕುಣಿಯುವುದನ್ನು ನೋಡಿದ. ಜೀವ ಇರುವುದರಿಂದ ಕುಣಿಯುತ್ತವೆಯೇನೋ ಅಂತ ಅನುಮಾನ ಬಂದು ಗಾಜು, ಕಲ್ಲು, ಎಲ್ಲವನ್ನೂ ಪುಡಿ ಮಾಡಿ ನೋಡಿದ. ಈಜಿಪ್ಟಿನ ಸ್ಫಿಂಕ್ಸ್‌ನ ಚೂರೊಂದನ್ನೂ ಬಿಡಲಿಲ್ಲ. ಎಲ್ಲವೂ ಕುಣಿದವು. 1905ರಲ್ಲಿ ಐನ್‌ಸ್ಟೈನ್ ಇದರ ಲೆಕ್ಕ ಕೊಟ್ಟ: ನೀರಿನ ಅಣುಗಳು ಎಲ್ಲ ಕಡೆಯಿಂದ ಗುದ್ದುವುದರಿಂದ ಈ ಕುಣಿತ. ಎಷ್ಟು ಹೊತ್ತಿಗೆ ಎಷ್ಟು ದೂರ ಅನ್ನುವುದಕ್ಕೆ ಒಂದು ಸರಳ ನಿಯಮ ಇದೆ. ದೂರ ಎರಡರಷ್ಟಾಗಬೇಕಾದರೆ ಸಮಯ ನಾಲ್ಕರಷ್ಟು ಬೇಕು. ಒಂದು ಮೈಕ್ರಾನ್ ದಪ್ಪದ ಮಣಿ ನೀರಿನಲ್ಲಿ ಒಂದು ಸೆಕೆಂಡಿಗೆ ಒಂದೊಂದು ದಿಕ್ಕಿನಲ್ಲೂ ಸರಿಸುಮಾರು ಒಂದು ಮೈಕ್ರಾನ್ ಸರಿಯುತ್ತದೆ. ನೆನಪಿಡಲು ಸುಲಭ ಅಲ್ವಾ? ನೂರು ಸೆಕೆಂಡ್ ಕಾದರೆ ನೂರು ಮೈಕ್ರಾನ್ ಅಲ್ಲ, ಬರೀ ಹತ್ತು.

ಇದನ್ನು ಅಳೆದು ತೋರಿಸಿದವನು ಪ್ಯಾರಿಸಿನ ಜಾನ್ ಪೆರಾನ್, 1908ರ ಸುಮಾರಿಗೆ. ಅವನು ಬಳಸಿದ ಕಣ ಯಾವುದು ಗೊತ್ತಾ? ಗ್ಯಾಂಬೋಜ್ ಅನ್ನುವ ಹಳದಿ ಅಂಟು. ಚಿತ್ರ ಬರೆಯುವವರು ಬಣ್ಣಕ್ಕೆ ಬಳಸುತ್ತಿದ್ದದ್ದು. ಅದು ಬರುವುದು ಗಾರ್ಸಿನಿಯಾ ಕುಲದ ಮರದಿಂದ. ಮಲೆನಾಡು, ಕರಾವಳಿಯವರಿಗೆ ಈ ಕುಲ ಚೆನ್ನಾಗಿ ಗೊತ್ತು. ಸಾರಿಗೆ, ಶರಬತ್ತಿಗೆ ಹಾಕುವ ಮುರುಗಲು ಅದೇ ಕುಲ, ಉಪ್ಪಾಗೆಯೂ ಅದೇ. ಪೆರಾನ್ ಆ ಅಂಟನ್ನು ನೀರಲ್ಲಿ ತಿಕ್ಕಿ, ಸೆಂಟ್ರಿಫ್ಯೂಜಿನಲ್ಲಿ ಮತ್ತೆ ಮತ್ತೆ ತಿರುಗಿಸಿ, ಒಂದೇ ಗಾತ್ರದ ಕಾಳುಗಳನ್ನು ಬೇರೆ ಮಾಡಿದ. ಒಂದು ಕೆಜಿ ಅಂಟಿನಿಂದ ಶುರು ಮಾಡಿ ತಿಂಗಳುಗಟ್ಟಲೆ ಕೆಲಸ ಮಾಡಿದ ಮೇಲೆ ಅವನಿಗೆ ಬೇಕಾದ ಗಾತ್ರದ ಕಾಳು ಸಿಕ್ಕಿದ್ದು ಒಂದು ಗ್ರಾಂನ ಕೆಲವು ಹತ್ತನೇ ಪಾಲು. ನಮ್ಮ ಈಗಿನ ಲ್ಯಾಬುಗಳಲ್ಲಿ ಒಂದೇ ಗಾತ್ರದ ಪಾಲಿಸ್ಟೈರೀನ್ ಮಣಿಗಳ ಪುಟ್ಟ ಬಾಟಲಿಯನ್ನು ಆರ್ಡರ್ ಮಾಡಿ ತರಿಸುತ್ತೇವೆ. ಆಮೇಲೆ ಬರುವುದು ತಡವಾಯಿತು ಅಂತ ಗೊಣಗುತ್ತೇವೆ.

ಪೆರಾನ್ 30 ಸೆಕೆಂಡಿಗೊಮ್ಮೆ ಕಣ ಇರುವ ಜಾಗವನ್ನು ಚೌಕಳಿ ಕಾಗದದ ಮೇಲೆ ಗುರುತು ಹಾಕಿ, ಚುಕ್ಕಿಗಳನ್ನು ಗೆರೆಯಿಂದ ಸೇರಿಸಿದ. ನಿಮ್ಮ ಫಿಸಿಕ್ಸ್ ಪುಸ್ತಕದಲ್ಲಿ ಆ ಅಂಕುಡೊಂಕು ಗೆರೆಗಳ ಚಿತ್ರ ಇದ್ದೀತು. ಆದರೆ ಅದು ಕಣದ ದಾರಿ ಅಲ್ಲ. ಅದು ಕಣದ ದಾರಿಯ ನೆರಳು. ಮೇಲಿನಿಂದ ನೋಡಿದಾಗ ನೆಲದ ಮೇಲೆ ಬೀಳುವ ನೆರಳು. ಕಣ ಎಷ್ಟು ಮೇಲೇರಿತು, ಎಷ್ಟು ಇಳಿಯಿತು ಅನ್ನುವುದು ಆ ಕಾಗದದಲ್ಲಿ ಇಲ್ಲ.

ಹಾಗಂತ ಪೆರಾನ್ ಆಳವನ್ನು ಮರೆತವನಲ್ಲ. ಇನ್ನೊಂದು ಪ್ರಯೋಗದಲ್ಲಿ ಅವನು ನೂರು ಮೈಕ್ರಾನ್ ಆಳದ ನೀರಿನಲ್ಲಿ ಬೇರೆ ಬೇರೆ ಎತ್ತರದಲ್ಲಿ ಎಷ್ಟು ಕಾಳುಗಳಿವೆ ಅಂತ ಎಣಿಸಿದ. ಎತ್ತರ 30 ಮೈಕ್ರಾನ್ ಹೆಚ್ಚಾದ ಹಾಗೆಲ್ಲ ಕಾಳುಗಳ ಸಂಖ್ಯೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಬೆಟ್ಟ ಹತ್ತಿದಂತೆ ಗಾಳಿ ತೆಳುವಾಗುತ್ತದಲ್ಲ, ಅದೇ ಲೆಕ್ಕ. ಇದರಿಂದ ಅಣುಗಳನ್ನು ಎಣಿಸಿಬಿಟ್ಟ. 1926ರಲ್ಲಿ ನೊಬೆಲ್ ಬಂತು. ಒಂದೇ ಎತ್ತರದ ಕಾಳುಗಳನ್ನು ಮಾತ್ರ ಎಣಿಸಲು ಅವನಿಗೆ ಆಗಿದ್ದು ಹೇಗೆ? ಲೆನ್ಸಿಗೆ ಒಂದು ಸಲಕ್ಕೆ ನೀರಿನ ಒಂದು ತೆಳು ಪದರ ಮಾತ್ರ ಸ್ಪಷ್ಟವಾಗಿ ಕಾಣುವುದರಿಂದ. ಅಂದರೆ ಲೆನ್ಸಿನ ಕೊರತೆಯನ್ನೇ ಅವನು ಕತ್ತಿ ಮಾಡಿಕೊಂಡು ನೀರನ್ನು ಹೋಳು ಹೋಳಾಗಿ ಕೊಯ್ದ.

ಆ ಪದರ ಎಷ್ಟು ತೆಳು? ಎಣ್ಣೆ ಹಚ್ಚಿ ನೋಡುವ ಒಳ್ಳೆ ಆಬ್ಜೆಕ್ಟಿವ್ (ಸ್ಲೈಡಿಗೆ ಹತ್ತಿರದ ಲೆನ್ಸ್) ಆದರೆ ಅರ್ಧ ಮೈಕ್ರಾನಿನ ಆಸುಪಾಸು. ಸ್ಲೈಡಿಗೂ ಕವರ್ ಸ್ಲಿಪ್ಪಿಗೂ ನಡುವೆ ಡಬಲ್ ಸೈಡ್ ಟೇಪ್ ಇಟ್ಟು ಕೋಣೆ ಮಾಡಿದರೆ ನೀರಿನ ಆಳ ನೂರು ಮೈಕ್ರಾನ್ ಇರುತ್ತದೆ. ಇನ್ನೂರು ನೀರ್ದೋಸೆಗಳನ್ನು ಒಂದರ ಮೇಲೊಂದು ಪೇರಿಸಿದ್ದೀರಿ ಅಂದುಕೊಳ್ಳಿ. ಒಂದು ಸಲಕ್ಕೆ ನಿಮಗೆ ಕಾಣುವುದು ಒಂದೇ ದೋಸೆ. ಹತ್ತನೇ ಒಂದು ಮೈಕ್ರಾನ್ ಗಾತ್ರದ ಕಣವೊಂದು, ಹೆಚ್ಚುಕಮ್ಮಿ ವೈರಸ್ಸಿನ ಗಾತ್ರದ್ದು, ಆ ಒಂದು ದೋಸೆಯ ದಪ್ಪವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿ ಹೋಗುತ್ತದೆ.

ಇಲ್ಲಿ ಒಂದು ಮೋಸ ನಡೆಯುತ್ತದೆ. ನೀವು ಕಂಡ ಕಣಗಳನ್ನಷ್ಟೇ ಲೆಕ್ಕ ಇಡುತ್ತೀರಿ. ಚುರುಕಾದ ಕಣ ಬೇಗ ಜಾಗ ಖಾಲಿ ಮಾಡುತ್ತದೆ. ಸೋಮಾರಿ ಕಣ ಜಾಸ್ತಿ ಹೊತ್ತು ಕಣ್ಣೆದುರು ಇರುತ್ತದೆ. ಹಾಗಾಗಿ ನಿಮ್ಮ ನೋಟ್‌ಬುಕ್ಕಿನಲ್ಲಿ ಉದ್ದುದ್ದ ದಾರಿಗಳೆಲ್ಲ ಸೋಮಾರಿಗಳದ್ದೇ. ಸರಾಸರಿ ತೆಗೆದರೆ ಎಲ್ಲರೂ ಸೋಮಾರಿಗಳು ಅಂತ ಬರುತ್ತದೆ. ಬ್ಯಾಕ್ಟೀರಿಯಾ ವಿಷಯದಲ್ಲಿ ಇದು ಇನ್ನೂ ವಿಚಿತ್ರ. ಗಾಜಿನ ಹತ್ತಿರ ಈಜುವ ಇ. ಕೋಲೈ ಗುಂಡಗೆ ಸುತ್ತು ಹಾಕುತ್ತದೆ. ಗಾಜು ಹತ್ತಿರ ಇರುವುದರಿಂದ ಹಾಗೆ. ಗಾಜಿನ ಹತ್ತಿರವಷ್ಟೇ ನೋಡುವವರಿಗೆ, ಇದು ಗಾಣದೆತ್ತಿನ ಜಾತಿ ಅನ್ನಿಸೀತು.

ಇಲ್ಲಿ ಹೋವರ್ಡ್ ಬರ್ಗ್ ಬಗ್ಗೆ ಹೇಳಲೇಬೇಕು. ನನಗೆ ಇಡೀ ಈ ಕ್ಷೇತ್ರದಲ್ಲಿ ಅಚ್ಚುಮೆಚ್ಚಿನ ಯಂತ್ರ ಅವನದ್ದು. ಬರ್ಗ್ ಅಮೆರಿಕದ ಕೊಲರಾಡೋದಲ್ಲಿದ್ದ. ಇ. ಕೋಲೈ ಎರಡು ಮೈಕ್ರಾನ್ ಉದ್ದದ ಜೀವಿ. ಸೆಕೆಂಡಿಗೆ 20 ಮೈಕ್ರಾನಿನ ಆಸುಪಾಸು ಈಜುತ್ತದೆ, ಅಂದರೆ ಮೈಯುದ್ದದ ಹತ್ತರಷ್ಟು. ನಾವು ನೀವು ಆ ಲೆಕ್ಕದಲ್ಲಿ ಈಜಿದರೆ ಸೆಕೆಂಡಿಗೆ 16 ಮೀಟರ್ ಹೋಗಬೇಕು. ಇಂಥದ್ದನ್ನು ಮೂರು ದಿಕ್ಕಿನಲ್ಲೂ ಹಿಂಬಾಲಿಸುವುದು ಹೇಗೆ? 1971ರಲ್ಲಿ, ಇವತ್ತಿನ ಕ್ಯಾಮೆರಾ ಇಲ್ಲ, ಲ್ಯಾಪ್‌ಟಾಪ್ ಇಲ್ಲ.

ಬರ್ಗ್ ಯೋಚನೆಯನ್ನೇ ತಿರುಗಿಸಿದ. ಬ್ಯಾಕ್ಟೀರಿಯಾದ ಹಿಂದೆ ಲೆನ್ಸ್ ಓಡುವುದು ಬೇಡ. ಬ್ಯಾಕ್ಟೀರಿಯಾ ಲೆನ್ಸಿನ ಎದುರು ನಿಂತಲ್ಲೇ ನಿಲ್ಲಲಿ, ಅದು ಈಜುತ್ತಿರುವ ಇಡೀ ಕೊಳವೇ ಸರಿಯಲಿ! ಬ್ಯಾಕ್ಟೀರಿಯಾದ ಬಿಂಬವನ್ನು ಜೋಡಿ ಜೋಡಿ ಆಪ್ಟಿಕಲ್ ಫೈಬರುಗಳ ತುದಿಯ ಮೇಲೆ ಬೀಳಿಸಿದ. ಒಂದು ಜೋಡಿ ಎಡ-ಬಲಕ್ಕೆ, ಒಂದು ಹಿಂದೆ-ಮುಂದೆಗೆ, ಒಂದು ಮೇಲೆ-ಕೆಳಗೆಗೆ. ಬ್ಯಾಕ್ಟೀರಿಯಾ ಎಡಕ್ಕೆ ಜರುಗಿದರೆ ಎಡ ಫೈಬರಿನಲ್ಲಿ ಬೆಳಕು ಜಾಸ್ತಿ. ಆ ವ್ಯತ್ಯಾಸವೇ ವಿದ್ಯುತ್ ಸಂಕೇತವಾಗಿ, ಸುರುಳಿಗಳಿಗೆ ಹೋಗಿ, ನೀರಿನ ಪುಟ್ಟ ಕೋಣೆಯನ್ನು ಬಲಕ್ಕೆ ತಳ್ಳುತ್ತಿತ್ತು. ಬ್ಯಾಕ್ಟೀರಿಯಾ ಎಷ್ಟು ಈಜಿದರೂ ಮತ್ತೆ ನಡುವಿಗೇ ಬರುತ್ತಿತ್ತು. ಕೋಣೆಯನ್ನು ಎಷ್ಟು ತಳ್ಳಬೇಕಾಯಿತು ಅನ್ನುವುದನ್ನು ಬರೆದುಕೊಂಡರೆ ಮುಗಿಯಿತು. ಅದೇ ಬ್ಯಾಕ್ಟೀರಿಯಾದ ದಾರಿ.

1972ರಲ್ಲಿ ಬರ್ಗ್ ಮತ್ತು ಡಗ್ಲಸ್ ಬ್ರೌನ್ ಫಲಿತಾಂಶ ಪ್ರಕಟಿಸಿದರು. ಇ. ಕೋಲೈ ಒಂದು ಸೆಕೆಂಡಿನಷ್ಟು ನೇರ ಈಜುತ್ತದೆ. ಆಮೇಲೆ ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ಹೊತ್ತು ತಿಣುಕಾಡಿ ಪಲ್ಟಿ ಹೊಡೆಯುತ್ತದೆ. ಹೊಸ ದಿಕ್ಕು ಹಿಡಿಯುತ್ತದೆ. ಮತ್ತೆ ನೇರ. ಹಳೆ ದಿಕ್ಕಿಗೂ ಹೊಸ ದಿಕ್ಕಿಗೂ ನಡುವಿನ ಕೋನ ಸರಾಸರಿ 68 ಡಿಗ್ರಿ. ಈ 68 ಅನ್ನುವ ಸಂಖ್ಯೆ ಮುಖ್ಯ. ಪೂರ್ತಿ ಕುರುಡಾಗಿ ತಿರುಗಿದ್ದರೆ 90 ಬರಬೇಕಿತ್ತು. ಅಂದರೆ ಅದು ಹಳೆ ದಿಕ್ಕನ್ನು ಸ್ವಲ್ಪ ಉಳಿಸಿಕೊಂಡೇ ತಿರುಗುತ್ತದೆ. ನೆರಳು ನೋಡಿ ಈ ಕೋನವನ್ನು ನೇರವಾಗಿ ಅಳೆಯಲು ಆಗುವುದಿಲ್ಲ. ಇನ್ನೂ ಚಂದದ ವಿಷಯ ಏನೆಂದರೆ, ತಿಂಡಿ ಇರುವ ಕಡೆಗೆ ಹೋಗುವಾಗ ಅದು ತಿರುಗುವುದನ್ನು ಮುಂದಕ್ಕೆ ಹಾಕುತ್ತದೆ. ನೇರ ಓಟ ಉದ್ದವಾಗುತ್ತದೆ. ತಿಂಡಿ ಎಲ್ಲಿದೆ ಅಂತ ಅದಕ್ಕೆ ಗೊತ್ತಿಲ್ಲ. ‘ಸದ್ಯ ಪರವಾಗಿಲ್ಲ, ಇನ್ನೂ ಸ್ವಲ್ಪ ಹೋಗೋಣ’ ಅಷ್ಟೇ ಅದರ ಬುದ್ಧಿ. ನಾವು ಊರಿಗೆ ಹೊಸದಾಗಿ ಹೋದಾಗ ಹೋಟೆಲ್ ಹುಡುಕುವುದೂ ಹಾಗೇ, ಒಗ್ಗರಣೆ ವಾಸನೆ ಹಿಡಿದು.

ಕೊಳವನ್ನೇ ಸರಿಸುವ ಈ ಯೋಚನೆಗೆ ಈಚೆಗೊಂದು ಮರಿ ಹುಟ್ಟಿದೆ. ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ಅವರ ತಂಡ 2020ರಲ್ಲಿ ಒಂದು ಯಂತ್ರ ಮಾಡಿತು. ಸಮುದ್ರದಲ್ಲಿ ತೇಲಾಡುವ ಪುಟ್ಟ ಪ್ಲವಕ ಜೀವಿಗಳು ಮೇಲೆ ಕೆಳಗೆ ಮೀಟರುಗಟ್ಟಲೆ ಪ್ರಯಾಣ ಮಾಡುತ್ತವೆ. ಅಷ್ಟು ಎತ್ತರದ ಕೊಳವೆ ಎಲ್ಲಿಂದ ತರುವುದು? ಅವರು ಉಂಗುರದ ಆಕಾರದ ಗಾಜಿನ ಕೋಣೆಗೆ ನೀರು ತುಂಬಿ ಚಕ್ರದ ಹಾಗೆ ನಿಲ್ಲಿಸಿದರು. ಜೀವಿ ಇಳಿದ ಹಾಗೆ ಚಕ್ರ ಮೇಲಕ್ಕೆ ತಿರುಗುತ್ತದೆ. ಜಾತ್ರೆಯ ಜೈಂಟ್ ವೀಲ್ ಇದ್ದ ಹಾಗೆ, ಆದರೆ ಕೂತವನು ಕೂತಲ್ಲೇ ಇರುತ್ತಾನೆ. ಜೀವಿಗೆ ಕೊನೆಯೇ ಇಲ್ಲದ ಸಮುದ್ರ.

ಬೆನ್ನಟ್ಟುವ ಈ ದಾರಿಗೆ ಒಂದೇ ತೊಂದರೆ. ಒಂದು ಸಲಕ್ಕೆ ಒಂದನ್ನೇ ಬೆನ್ನಟ್ಟಬಹುದು. ಒಂದು ಜೀವಕೋಶದಲ್ಲಿ ಐವತ್ತು ಕಣ ಓಡಾಡುತ್ತಿದ್ದರೆ? ಆಗ ಒಂದೇ ಫೋಟೋದಲ್ಲಿ ಎಲ್ಲದರ ಆಳವೂ ಸಿಗಬೇಕು. ಫೋಟೋ ಚಪ್ಪಟೆ. ಆಳ ಎಲ್ಲಿಂದ ಬರಬೇಕು? ಮಸುಕಿನಿಂದ.

ಅದಕ್ಕೆ ಮೊದಲು ಎಡ-ಬಲದ ವಿಷಯ ಮುಗಿಸಿಬಿಡೋಣ. ಬೆಳಕಿನ ಮೈಕ್ರೋಸ್ಕೋಪಿಗೆ ಒಂದು ಮಿತಿ ಇದೆ, 1873ರಲ್ಲಿ ಅರ್ನ್‌ಸ್ಟ್ ಅಬೆ ಹೇಳಿದ್ದು. ಎಷ್ಟೇ ಒಳ್ಳೆ ಲೆನ್ಸ್ ಇದ್ದರೂ ಒಂದು ಬಿಂದು ಬಿಂದುವಾಗಿ ಕಾಣುವುದಿಲ್ಲ, ಸುಮಾರು ಕಾಲು ಮೈಕ್ರಾನಿನ ಬೊಟ್ಟಾಗಿ ಹರಡಿಕೊಳ್ಳುತ್ತದೆ. ಎರಡು ಬಿಂದುಗಳು ಅದಕ್ಕಿಂತ ಹತ್ತಿರ ಇದ್ದರೆ ಒಂದೇ ಅನ್ನಿಸುತ್ತವೆ. ಆದರೆ ಬಿಂದು ಒಂದೇ ಅಂತ ಗೊತ್ತಿದ್ದರೆ? ಆಗ ಬೊಟ್ಟಿನ ನಡುಮಧ್ಯ ಹುಡುಕಿದರಾಯಿತು. ಕನ್ನಡದಲ್ಲಿ ಕಣ ಅನ್ನುವುದಕ್ಕೆ ಎರಡು ಅರ್ಥ ಇದೆಯಲ್ಲ, ಒಂದು ಇದು, ಇನ್ನೊಂದು ರಾಗಿ ಒಕ್ಕುವ ಕಣ. ಆ ಕಣದಲ್ಲಿ ಮೊರದಿಂದ ರಾಗಿ ಸುರಿದರೆ ಕಾಳು ಎಲ್ಲೆಲ್ಲೋ ಉರುಳುತ್ತದೆ. ಆದರೂ ರಾಶಿಯ ತುದಿ ಎಲ್ಲಿ ಅಂತ ಬೆರಳಿಟ್ಟು ತೋರಿಸಬಹುದು. ಹತ್ತೇ ಕಾಳು ಬಿದ್ದಿದ್ದರೆ ಕಷ್ಟ. ಮೂಟೆ ಸುರಿದಿದ್ದರೆ ಸುಲಭ. ಇಲ್ಲಿ ಕಾಳು ಅಂದರೆ ಫೋಟಾನ್, ಬೆಳಕಿನ ಒಂದು ಪುಟ್ಟ ತುಣುಕು. ನೂರು ಫೋಟಾನ್ ಸಿಕ್ಕರೆ ತಪ್ಪು ಬೊಟ್ಟಿನ ಅಗಲದ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಹತ್ತು ಸಾವಿರ ಸಿಕ್ಕರೆ ನೂರರಲ್ಲೊಂದು ಪಾಲಿಗೆ. ಹಿನ್ನೆಲೆಯ ಬೆಳಕು ಇಲ್ಲದಿದ್ದರೆ ಒಂದೆರಡು ನ್ಯಾನೋಮೀಟರಿನವರೆಗೆ ಹೋಗಬಹುದು. ನ್ಯಾನೋಮೀಟರ್ ಅಂದರೆ ಮೈಕ್ರಾನಿನ ಸಾವಿರದಲ್ಲೊಂದು ಪಾಲು.

2003ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಅಹ್ಮೆತ್ ಯಿಲ್ದಿಜ್, ಪಾಲ್ ಸೆಲ್ವಿನ್ ಮತ್ತಿತರರು ಹೀಗೇ ಮಯೋಸಿನ್ 5 ಅನ್ನುವ ಪ್ರೊಟೀನಿನ ನಡಿಗೆ ಹಿಡಿದರು. ಅದು ಜೀವಕೋಶದೊಳಗಿನ ಹಮಾಲಿ. ಮೂಟೆ ಹೊತ್ತು ಎಳೆಯ ಮೇಲೆ ನಡೆಯುತ್ತದೆ. ಮೈ ಪ್ರತಿ ಹೆಜ್ಜೆಗೆ ಸುಮಾರು 37 ನ್ಯಾನೋಮೀಟರ್ ಮುಂದೆ ಹೋಗುತ್ತದೆ ಅಂತ ಗೊತ್ತಿತ್ತು. ಒಂದು ಕಾಲಿಗೆ ಮಾತ್ರ ಹೊಳೆಯುವ ಬಣ್ಣ ಹಚ್ಚಿ ನೋಡಿದರೆ ಆ ಕಾಲು ಒಂದೇ ಸಲಕ್ಕೆ 74 ಹೋಯಿತು. ಆಮೇಲೆ ಒಂದು ಹೆಜ್ಜೆ ಸುಮ್ಮನಿತ್ತು. ಅಂದರೆ ನಮ್ಮ ಹಾಗೇ ಹಿಂದಿನ ಕಾಲನ್ನು ಮುಂದಿನ ಕಾಲು ದಾಟಿಸಿ ಇಡುತ್ತದೆ. ತೆವಳುವುದಿಲ್ಲ.

ಈಗ ಆಳ. ಕಣ ಫೋಕಸ್ಸಿನಿಂದ ಸರಿದರೆ ಬೊಟ್ಟು ದೊಡ್ಡದಾಗುತ್ತದೆ. ಎಷ್ಟು ದೊಡ್ಡದಾಯಿತು ಅಂತ ಅಳೆದರೆ ಎಷ್ಟು ಸರಿಯಿತು ಅಂತ ಗೊತ್ತಾಗಬೇಕು. ಸರಿ. ಆದರೆ ಮೇಲಕ್ಕೋ, ಕೆಳಕ್ಕೋ? ಹೊಳೆಯುವ ಬಿಂದುವಾದರೆ, ಲೆನ್ಸ್ ಚೆನ್ನಾಗಿದ್ದಷ್ಟೂ ಎರಡೂ ಕಡೆಯ ಮಸುಕು ಒಂದೇ ಥರ. ಅರ್ಧ ಮೈಕ್ರಾನ್ ಮೇಲಿದ್ದರೂ ಅದೇ ಬೊಟ್ಟು, ಅರ್ಧ ಮೈಕ್ರಾನ್ ಕೆಳಗಿದ್ದರೂ ಅದೇ ಬೊಟ್ಟು. ಲಕ್ಷಗಟ್ಟಲೆ ಕೊಟ್ಟು ತಂದ ಒಳ್ಳೆ ಲೆನ್ಸೇ ಇಲ್ಲಿ ಶತ್ರು. ಏನು ಮಾಡಬೇಕು? ಅದನ್ನು ಸ್ವಲ್ಪ ಕೆಡಿಸಬೇಕು.

ಈಗ ಜೇಬಿನಿಂದ ಸಿಲಿಂಡರ್ ಹೊರಗೆ ತೆಗೆಯಿರಿ. ಇಲ್ಲಿ ನೋಡಿ, ನನ್ನ ಕನ್ನಡಕವನ್ನು ಕೈಯಳತೆ ದೂರ ಹಿಡಿದು, ಅದರೊಳಗಿಂದ ಆ ಕಿಟಕಿಯ ಸರಳನ್ನು ನೋಡುತ್ತೇನೆ. ಈಗ ಕನ್ನಡಕವನ್ನು ಸ್ಟೀರಿಂಗ್ ಥರ ನಿಧಾನಕ್ಕೆ ತಿರುಗಿಸುತ್ತೇನೆ. ಸರಳು ಓರೆಯಾಗುತ್ತದೆ! ಸಿಲಿಂಡರ್ ಇಲ್ಲದ ಕನ್ನಡಕದಲ್ಲಿ ಹೀಗಾಗುವುದಿಲ್ಲ. ಪಕ್ಕದವರ ಕನ್ನಡಕ ಇಸ್ಕೊಂಡು ನೋಡಿ. (ಇಲ್ಲಿ ಐದು ನಿಮಿಷ ಸಭೆ ಕೈಮೀರಿತು. ಎಲ್ಲರ ಕನ್ನಡಕ ಎಲ್ಲರ ಕೈಯಲ್ಲಿ.) ಸಿಲಿಂಡರ್ ಲೆನ್ಸ್ ಒಂದು ದಿಕ್ಕಿನಲ್ಲಿ ಬೆಳಕನ್ನು ಬಾಗಿಸುತ್ತದೆ, ಅದಕ್ಕೆ ಅಡ್ಡ ದಿಕ್ಕಿನಲ್ಲಿ ಬಾಗಿಸುವುದಿಲ್ಲ. ಹಾಗಾಗಿ ಉದ್ದಗೆರೆಗೆ ಒಂದು ಫೋಕಸ್, ಅಡ್ಡಗೆರೆಗೆ ಇನ್ನೊಂದು ಫೋಕಸ್.

ಮೈಕ್ರೋಸ್ಕೋಪಿನಲ್ಲಿ ಕ್ಯಾಮೆರಾದ ಮುಂದೆ ಇಂಥದ್ದೊಂದು ಸಿಲಿಂಡರ್ ಲೆನ್ಸ್ ಇಟ್ಟರೆ, ಕಣ ಒಂದು ಕಡೆ ಸರಿದಾಗ ಬೊಟ್ಟು ನಿಂತ ಮೊಟ್ಟೆಯ ಹಾಗೆ ಉದ್ದವಾಗುತ್ತದೆ. ಇನ್ನೊಂದು ಕಡೆ ಸರಿದಾಗ ಮಲಗಿದ ಮೊಟ್ಟೆಯ ಹಾಗೆ ಅಗಲವಾಗುತ್ತದೆ. ನಡುವೆ ಗುಂಡಗೆ. ಮುಗೀತು! ಮೇಲೋ ಕೆಳಗೋ ಅನ್ನುವ ಜಗಳವೇ ಇಲ್ಲ. 1994ರಲ್ಲಿ ಕಾವೋ ಮತ್ತು ವರ್ಕ್‌ಮನ್ ಎಂಬಿಬ್ಬರು ಹೊಳೆಯುವ ಕಣಗಳನ್ನು ಹೀಗೆ ಹಿಂಬಾಲಿಸಿದರು. 2008ರಲ್ಲಿ ಹಾರ್ವರ್ಡಿನ ಶಾವ್‌ವೇ ಜುವಾಂಗ್ ಅವರ ತಂಡ ಇದೇ ಉಪಾಯದಿಂದ ಜೀವಕೋಶದೊಳಗಿನ ಅಣುಗಳ ಜಾಗವನ್ನು ಮೂರು ದಿಕ್ಕಿನಲ್ಲೂ ಗುರುತಿಸಿತು. ಅಡ್ಡಕ್ಕೆ 20-30 ನ್ಯಾನೋಮೀಟರ್, ಆಳಕ್ಕೆ 50-60 ನ್ಯಾನೋಮೀಟರ್ ಸೂಕ್ಷ್ಮತೆ. ಹಲವು ಲ್ಯಾಬುಗಳಲ್ಲಿ ಇದಕ್ಕೆ ಬಳಸುವ ಲೆನ್ಸ್ ಒಂದು ಮೀಟರ್ ಫೋಕಲ್ ಲೆಂತ್‌ನದು. ಕನ್ನಡಕದ ಭಾಷೆಯಲ್ಲಿ ಒಂದು ಪವರ್. ನನ್ನ ಕಣ್ಣಿನ ದೋಷ ಅದಕ್ಕಿಂತ ಜಾಸ್ತಿ!

ಮೊಟ್ಟೆ ಎಷ್ಟು ಉದ್ದವಾದರೆ ಎಷ್ಟು ಆಳ ಅನ್ನುವುದಕ್ಕೆ ಮೊದಲೇ ಮಗ್ಗಿ ಬರೆದಿಟ್ಟುಕೊಳ್ಳಬೇಕು. ಒಂದು ಮಣಿಯನ್ನು ಗಾಜಿಗೆ ಅಂಟಿಸಿ, ಸ್ಟೇಜನ್ನು, ಅಂದರೆ ಸ್ಲೈಡ್ ಇಡುವ ತಟ್ಟೆಯನ್ನು, 50 ನ್ಯಾನೋಮೀಟರಿನಷ್ಟು ಏರಿಸಿ ಒಂದು ಫೋಟೋ, ಮತ್ತೆ 50 ಏರಿಸಿ ಒಂದು ಫೋಟೋ. ಹೀಗೆ ಒಂದು ಪಟ್ಟಿ. ಆಮೇಲೆ ನಿಜವಾದ ಕಣದ ಮೊಟ್ಟೆಯನ್ನು ಈ ಪಟ್ಟಿಯ ಜೊತೆ ಹೋಲಿಸುವುದು. ಬೇಸರದ ಕೆಲಸ. ಅದನ್ನು ತಪ್ಪಿಸಿಕೊಂಡವರು ಆಮೇಲೆ ಪಶ್ಚಾತ್ತಾಪ ಪಟ್ಟಿದ್ದನ್ನು ನೋಡಿದ್ದೇನೆ.

ಸಿಲಿಂಡರಿನ ವ್ಯಾಪ್ತಿ ಒಂದು ಮೈಕ್ರಾನಿನ ಆಚೀಚೆ ಅಷ್ಟೇ. ಇನ್ನೂ ಆಳ ಬೇಕೆಂದರೆ ಬೆಳಕನ್ನು ಇನ್ನೂ ಕಿತಾಪತಿ ಮಾಡಿ ತಿರುಚಬೇಕು. 2009ರಲ್ಲಿ ಪೀಸ್ತುನ್ ಮತ್ತು ಮೋರ್ನರ್ ಅವರ ತಂಡಗಳು ಒಂದು ಕಣ ಎರಡು ಬೊಟ್ಟಾಗಿ ಕಾಣುವ ಹಾಗೆ ಮಾಡಿದವು. ಕಣದ ಆಳ ಬದಲಾದ ಹಾಗೆ ಆ ಎರಡು ಬೊಟ್ಟುಗಳು ಒಂದರ ಸುತ್ತ ಒಂದು, ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತವೆ. ಕೋನ ನೋಡಿ ಆಳ ಹೇಳಬಹುದು. ಮುಂದೆ 20 ಮೈಕ್ರಾನ್ ಆಳದವರೆಗೂ ಕೆಲಸ ಮಾಡುವ ಆಕಾರಗಳು ಬಂದವು. ಆದರೆ ಪುಕ್ಕಟೆ ಏನೂ ಇಲ್ಲ. ಇರುವಷ್ಟೇ ಫೋಟಾನುಗಳನ್ನು ಜಾಸ್ತಿ ಜಾಗಕ್ಕೆ ಹರಡಿದರೆ ರಾಶಿ ತೆಳುವಾಗುತ್ತದೆ, ನಡುಮಧ್ಯ ಹುಡುಕುವುದು ಕಷ್ಟವಾಗುತ್ತದೆ.

ಕಣ ಹೊಳೆಯದಿದ್ದರೆ, ಬರೀ ಪಾರದರ್ಶಕ ಮಣಿಯಾಗಿದ್ದರೆ? ಆಗ ಲೇಸರ್ ಬೆಳಕು ಬಿಟ್ಟರೆ ಮಣಿಗೆ ತಾಗಿ ಚದುರಿದ ಬೆಳಕೂ, ತಾಗದೆ ಬಂದ ಬೆಳಕೂ ಸೇರಿ ಉಂಗುರ ಉಂಗುರವಾದ ಚಿತ್ತಾರ ಮೂಡುತ್ತದೆ. ಇದೇ ಹೊಲೋಗ್ರಾಂ. 1948ರಲ್ಲಿ ಡೆನ್ನಿಸ್ ಗಾಬರ್ ಪ್ರಕಟಿಸಿದ್ದು. ಮಣಿ ದೂರ ಹೋದ ಹಾಗೆ ಉಂಗುರಗಳು ಅಗಲವಾಗುತ್ತವೆ. ಕಂಪ್ಯೂಟರಿಗೆ ಆ ಒಂದು ಚಿತ್ರ ಕೊಟ್ಟರೆ ಮಣಿಯ ಮೂರು ದಿಕ್ಕಿನ ಜಾಗ, ಅದರ ಗಾತ್ರ, ಅದರ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಂಕಿ), ಎಲ್ಲವನ್ನೂ ಹೇಳುತ್ತದೆ. ನ್ಯೂಯಾರ್ಕಿನ ಡೇವಿಡ್ ಗ್ರಿಯರ್ ಅವರ ತಂಡ 2007ರಲ್ಲಿ ಇದನ್ನು ಮಾಡಿ ತೋರಿಸಿತು. ನನ್ನ ಅಭಿಪ್ರಾಯ ಕೇಳಿದರೆ, ದುಂಡನೆಯ ಕಣಗಳಿಗೆ ಇದಕ್ಕಿಂತ ಅಗ್ಗದ, ಸೊಗಸಾದ ವಿಧಾನ ಇನ್ನೊಂದಿಲ್ಲ. ಆದರೆ ಜೀವಕೋಶದೊಳಗೆ ಎಲ್ಲವೂ ಬೆಳಕು ಚದುರಿಸುವುದರಿಂದ ಉಂಗುರಗಳು ಗೊಂದಲವಾಗುತ್ತವೆ. ಅಲ್ಲಿ ಸಿಲಿಂಡರೇ ಸೈ.

ನಮ್ಮ ಬೆಂಗಳೂರಿನಲ್ಲೂ ಕಣದ ನಡುಕ ನೋಡುವವರು ಬೇಕಾದಷ್ಟು ಜನ ಇದ್ದಾರೆ. 2016ರಲ್ಲಿ ಜವಾಹರಲಾಲ್ ನೆಹರು ಕೇಂದ್ರ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು ಲೇಸರಿನಲ್ಲಿ ಹಿಡಿದಿಟ್ಟ ಒಂದು ಮಣಿಯನ್ನು ಬ್ಯಾಕ್ಟೀರಿಯಾಗಳ ನಡುವೆ ಇಟ್ಟು, ಅವುಗಳ ಗುದ್ದಾಟದಿಂದಲೇ ನಡೆಯುವ ಪುಟ್ಟ ಎಂಜಿನ್ ಮಾಡಿತು. ಆ ಎಂಜಿನ್ನಿನ ಮೀಟರ್ ಯಾವುದು? ಮಣಿ ಎಷ್ಟು ನಡುಗಿತು ಅನ್ನುವುದೇ.

ಆಳದ ಲೆಕ್ಕದಲ್ಲಿ ಎಲ್ಲರೂ ಬೀಳುವ ಒಂದು ಹಳ್ಳ ಇದೆ. ಬಾವಿ ಬಗ್ಗಿ ನೋಡಿದವರಿಗೆ ಗೊತ್ತು, ತಳ ಇರುವುದಕ್ಕಿಂತ ಮೇಲೆ ಕಾಣುತ್ತದೆ. ಇಳಿದರೆ ಮುಳುಗುತ್ತೀರಿ. ಮೈಕ್ರೋಸ್ಕೋಪಿನಲ್ಲೂ ಅದೇ. ಆಬ್ಜೆಕ್ಟಿವಿಗೆ ಹಚ್ಚುವ ಎಣ್ಣೆ ಗಾಜಿನ ಥರ, ಸೂಚ್ಯಂಕ 1.52ರ ಆಸುಪಾಸು. ಕಣ ಇರುವುದು ನೀರಿನಲ್ಲಿ, 1.33. ಹಾಗಾಗಿ ನೀವು ಸ್ಟೇಜನ್ನು 10 ಮೈಕ್ರಾನ್ ಸರಿಸಿದರೂ ಫೋಕಸ್ ನೀರಿನಲ್ಲಿ 9 ಮೈಕ್ರಾನ್ ಕೂಡ ಸರಿದಿರುವುದಿಲ್ಲ. ಇದನ್ನು ತಿದ್ದದಿದ್ದರೆ ದುಂಡನೆಯ ಜೀವಕೋಶ ಲೆಕ್ಕದಲ್ಲಿ ಉದ್ದುದ್ದವಾಗುತ್ತದೆ.

ಇನ್ನೊಂದು ಹಳ್ಳ, ನಾನೇ ಬಿದ್ದದ್ದು. ಹಲವು ವರ್ಷಗಳ ಹಿಂದೆ, ಯಾವ ಲ್ಯಾಬ್ ಅಂತ ಕೇಳಬೇಡಿ, ಒಂದು ಜೀವಕೋಶದ ಮೈಮೇಲೆ ಮಣಿ ಅಂಟಿಸಿ ಅದರ ಎತ್ತರ ಅಳೆಯುತ್ತಿದ್ದೆ. ಮಣಿ ಸುಮಾರು ಕಾಲು ಗಂಟೆಗೊಮ್ಮೆ ಕಾಲು ಮೈಕ್ರಾನಿನಷ್ಟು ಏರಿ ಇಳಿಯುತ್ತಿತ್ತು. ಎಷ್ಟು ಚಂದದ ಅಲೆ! ಜೀವಕೋಶ ಉಸಿರಾಡುತ್ತಿದೆ ಅಂದುಕೊಂಡೆ. ಎರಡು ವಾರ ಅದನ್ನೇ ಅಳೆದೆ. ಗ್ರಾಫ್ ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿದೆ. ಕೊನೆಗೆ ಒಂದು ಸಂಜೆ ಸುಮ್ನೆ ಕೂತಿದ್ದಾಗ ಎಸಿಯ ಕಂಪ್ರೆಸರ್ ಗುಯ್ ಅಂತ ಶುರುವಾಯಿತು. ಪರದೆ ನೋಡಿದೆ. ಮಣಿ ಇಳಿಯತೊಡಗಿತು. ಕಂಪ್ರೆಸರ್ ನಿಂತಿತು. ಮಣಿ ಏರತೊಡಗಿತು. ಉಸಿರಾಡುತ್ತಿದ್ದದ್ದು ಮೈಕ್ರೋಸ್ಕೋಪಿನ ಲೋಹ. ಸೆಕೆಗೆ ಹಿಗ್ಗಿ, ಚಳಿಗೆ ಕುಗ್ಗಿ. ಅಂದಿನಿಂದ ಗಾಜಿಗೇ ಅಂಟಿದ ಇನ್ನೊಂದು ಮಣಿಯನ್ನು ಯಾವಾಗಲೂ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಅದು ಅಲುಗಿದ್ದನ್ನು ಇದರಲ್ಲಿ ಕಳೆದರೆ ಉಳಿದದ್ದು ನಿಜ. ಮತ್ತೆ, ಕವರ್ ಸ್ಲಿಪ್ಪಿನ ಅಂಚಿಗೆ ನೇಲ್ ಪಾಲಿಶ್ ಹಚ್ಚುವುದನ್ನು ಮರೆಯಬೇಡಿ. ನೀರು ಆರಿದರೆ ಎಲ್ಲ ಕಣಗಳೂ ಅಂಚಿನ ಕಡೆ ಮೆರವಣಿಗೆ ಹೊರಡುತ್ತವೆ. ಲ್ಯಾಬಿನ ಡ್ರಾಯರಿನಲ್ಲಿ ನೇಲ್ ಪಾಲಿಶ್ ಬಾಟಲಿ ಕಂಡರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಮಾತು ಇಷ್ಟೇ ಇತ್ತು. ಆಮೇಲೆ ಪ್ರಶ್ನೆಗಳು. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬಳಸಿದರೆ ಇಷ್ಟೆಲ್ಲ ಕಷ್ಟ ಇಲ್ಲ ಅಲ್ವಾ ಅಂತ ಒಬ್ಬರು ಕೇಳಿದರು. ಸಾಮಾನ್ಯವಾಗಿ ಅದರೊಳಗೆ ಗಾಳಿ ಇಲ್ಲ. ಮಾದರಿಯನ್ನು ಒಣಗಿಸಬೇಕು, ಇಲ್ಲವೇ ಹೆಪ್ಪುಗಟ್ಟಿಸಬೇಕು. ಕುಣಿಯುತ್ತಿರುವುದನ್ನು ನೋಡಲು ಬೆಳಕೇ ಬೇಕು. ಇನ್ನೊಬ್ಬರು, ಎರಡು ಕಣ ಹತ್ತಿರ ಬಂದು ಹೋದರೆ ಯಾವುದು ಯಾವುದು ಅಂತ ಹೇಗೆ ಗೊತ್ತು ಅಂದರು. ಒಳ್ಳೆ ಪ್ರಶ್ನೆ. ಒಂದು ಫೋಟೋದಿಂದ ಮುಂದಿನ ಫೋಟೋಗೆ ಕಣ ಸರಿಯುವ ದೂರ, ಕಣಗಳ ನಡುವಿನ ದೂರಕ್ಕಿಂತ ಬಹಳ ಕಡಿಮೆ ಇರಬೇಕು. ಇಲ್ಲದಿದ್ದರೆ ಗೊತ್ತಾಗುವುದಿಲ್ಲ. ಬೇಗ ಬೇಗ ಫೋಟೋ ತೆಗೆಯಬೇಕು, ಅಥವಾ ಹಾಲಿಗೆ ಇನ್ನಷ್ಟು ನೀರು ಹಾಕಬೇಕು.

ಮೂರನೇ ಸಾಲಿನ ಹುಡುಗಿಯೊಬ್ಬಳು ನನ್ನನ್ನು ಹಿಡಿದು ಹಾಕಿದಳು. ‘ಮೇಡಂ, ಮೇಲೆ ಕೆಳಗೆ ಒಂದೇ ಥರ ಕಾಣುತ್ತೆ ಅಂದ್ರಿ. ನಾನು ಈಗ ಹಾಲು ನೋಡ್ದೆ. ಒಂದೇ ಥರ ಇಲ್ಲ.’ ಅವಳು ಹೇಳಿದ್ದು ಸರಿ. ನಾನು ಹೇಳಿದ್ದು ತಾನಾಗಿ ಹೊಳೆಯುವ ಬಿಂದುವಿನ ವಿಷಯ. ಹಾಲಿನ ಗುಂಡು ಹೊಳೆಯುವುದಿಲ್ಲ, ಕೆಳಗಿನಿಂದ ಬಂದ ಬೆಳಕನ್ನು ತಾನೇ ಒಂದು ಪುಟ್ಟ ಲೆನ್ಸ್ ಆಗಿ ಬಾಗಿಸುತ್ತದೆ. ಜಿಡ್ಡಿನ ಸೂಚ್ಯಂಕ ನೀರಿಗಿಂತ ಜಾಸ್ತಿ. ಹಾಗಾಗಿ ಗುಂಡು ನೀವು ಫೋಕಸ್ ಮಾಡಿದ ಪದರಕ್ಕಿಂತ ಕೆಳಗಿದ್ದರೆ ಅದರ ನಡು ಬೆಳ್ಳಗೆ ಹೊಳೆಯುತ್ತದೆ. ಮೇಲಿದ್ದರೆ ನಡು ಕಪ್ಪಾಗುತ್ತದೆ. ಸ್ಲೈಡಿನ ಕೆಳಗೆ ಬೆಳಕು ಕೂಡಿಸುವ ಕಂಡೆನ್ಸರಿನ ಡಯಾಫ್ರಾಮನ್ನು ಸ್ವಲ್ಪ ಮುಚ್ಚಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ.

ಅವಳು ಮತ್ತೆ ಹೋಗಿ ಕಣ್ಣಿಟ್ಟಳು. ಹಿಂದೆ ಕ್ಯೂ ಬೆಳೆಯುತ್ತಿತ್ತು. ಮೂರ್ನಾಲ್ಕು ನಿಮಿಷ ಒಂದೇ ಗುಂಡನ್ನು ನೋಡುತ್ತ ನಿಂತಳು. ಹಿಂದಿನವರು ‘ಏ ಬಿಡೇ ಸಾಕು’ ಅನ್ನುತ್ತಿದ್ದರು.

‘ಬಿಳಿ ಇತ್ತು ಮೇಡಂ. ಈಗ ಕಪ್ಪಾಯ್ತು. ಮೇಲೆ ಬಂತು ಅಂತ ಅಲ್ವಾ?’ ಅಂದಳು. ಕಣ್ಣು ತೆಗೆಯದೆಯೇ, ‘ಕೆನೆ ಕಟ್ತಾ ಇದೆ!’